ಕೆಡವದೆ ಕಟ್ಟಲಾಗದು

ಬೆಂಗಳೂರಿನ ಉತ್ತರಹಳ್ಳಿಯಲ್ಲಿ ‘ಕಟ್ಟಿ ಮುಗಿದ ಮನೆ’ ಅಪರೂಪ. ಸುಬ್ರಹ್ಮಣ್ಯಪುರದ ಕಡೆ ನಡೆಯಿರಿ, ಅರೇಹಳ್ಳಿಯ ಕಡೆ ನಡೆಯಿರಿ, ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮಹಡಿ ಎದ್ದಿರುತ್ತದೆ, ಟೆರೇಸಿನ ಮೇಲೆ ಪಿಲ್ಲರ್ ಕಂಬಿಗಳು ಮುಂದಿನ ಮಹಡಿಗಾಗಿ ತುಕ್ಕು ಹಿಡಿಯುತ್ತ ನಿಂತಿರುತ್ತವೆ. ಮಗನ ಮದುವೆ ಗೊತ್ತಾದಾಗಲೋ ಬಾಡಿಗೆಯ ಲೆಕ್ಕ ಹುಟ್ಟಿದಾಗಲೋ ಮೇಸ್ತ್ರಿ ಬರುತ್ತಾರೆ, ಸೆಂಟ್ರಿಂಗ್ ಶೀಟುಗಳು ಮೇಲೇರುತ್ತವೆ, ಮೋಲ್ಡ್ ಹಾಕುತ್ತಾರೆ. ಕೆಳಗೆ ಸಂಸಾರ ನಡೆದೇ ಇರುತ್ತದೆ. ಮೆಟ್ಟಿಲಿಗೆ ಜಾಗ ಮಾಡಲೆಂದು ಗೋಡೆ ಒಡೆದ ದಿನವೂ ಪಕ್ಕದ ಕೋಣೆಯಲ್ಲಿ ಸಾರು ಕುದಿಯುತ್ತದೆ.

ಬ್ಯಾಕ್ಟೀರಿಯಾದ ಪಾಡೂ ಇದೇ, ಷರತ್ತುಗಳು ಮಾತ್ರ ಬಹಳ ಕಟು. ನಮ್ಮ ಕರುಳಿನಲ್ಲಿರುವ ಇ. ಕೋಲಿಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಊಟ, ಹದವಾದ ಬಿಸಿ ಸಿಕ್ಕರೆ ಅದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಂದರೆ ಅಷ್ಟರೊಳಗೆ ಅದರ ಗೋಡೆ ಎರಡರಷ್ಟು ಉದ್ದವಾಗಿ, ನಡುವೆ ಅಡ್ಡಗೋಡೆ ಎದ್ದು, ಎರಡೂ ಭಾಗ ಬೇರೆಬೇರೆಯಾಗಿ ಹೋಗಬೇಕು. ಇಷ್ಟೆಲ್ಲ ನಡೆಯುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದರಿಂದ ಮೂರು ವಾಯುಭಾರದಷ್ಟು ಹೆಚ್ಚಿರುತ್ತದೆ ಎಂಬ ಅಂದಾಜಿದೆ. ನಮ್ಮ ಚರ್ಮದ ಮೇಲೂ ಮೂಗಿನೊಳಗೂ ಇರುವ ಸ್ಟ್ಯಾಫಿಲೋಕಾಕಸ್‌ನಲ್ಲಿ ಈ ಒತ್ತಡ ಇಪ್ಪತ್ತು ವಾಯುಭಾರದ ಆಸುಪಾಸು. ಗೋಡೆಯಲ್ಲಿ ಒಂದು ಕಡೆ ಬಾಯಿ ಬಿಟ್ಟರೆ ಸಾಕು, ಒಳಗಿನ ಪೊರೆ ಉಬ್ಬಿ ಹೊರಬಂದು ಜೀವಕೋಶ ಸಿಡಿಯುತ್ತದೆ.

ಈ ಗೋಡೆಯ ಹೆಸರು ಪೆಪ್ಟಿಡೋಗ್ಲೈಕಾನ್. ಎರಡು ಬಗೆಯ ಸಕ್ಕರೆ ಅಣುಗಳು ಒಂದಾದ ಮೇಲೊಂದು ಪೋಣಿಸಿಕೊಂಡ ಉದ್ದನೆಯ ಎಳೆಗಳು ಅದರಲ್ಲಿವೆ. ಒಂದು ಎನ್-ಅಸಿಟೈಲ್ ಗ್ಲೂಕೋಸಮೈನ್, ಇನ್ನೊಂದು ಎನ್-ಅಸಿಟೈಲ್ ಮುರಾಮಿಕ್ ಆಮ್ಲ. ಎರಡನೆಯ ಸಕ್ಕರೆಯಿಂದ ನಾಲ್ಕೈದು ಅಮೈನೋ ಆಮ್ಲಗಳ ಕಿರುಬಾಲ ಹೊರಡುತ್ತದೆ. ಅಕ್ಕಪಕ್ಕದ ಎಳೆಗಳ ಬಾಲಗಳು ಒಂದಕ್ಕೊಂದು ಬೆಸೆದುಕೊಂಡಾಗ ಇಡೀ ಜೀವಕೋಶವನ್ನು ಸುತ್ತುವ ಬಲೆ ಸಿದ್ಧವಾಗುತ್ತದೆ. ಇದು ತುಂಡುತುಂಡು ಜೋಡಿಸಿದ ಕವಚವಲ್ಲ. ಇಡೀ ಬಲೆ ಒಂದೇ ಒಂದು ಅಣು, ಚೀಲದ ಆಕಾರದ ಅಣು ಎಂದು 1964ರಲ್ಲಿ ಜರ್ಮನಿಯ ವೈಡೆಲ್ ಮತ್ತು ಪೆಲ್ಜರ್ ಬರೆದರು. ಆಗಿನ ಮಂದಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಇಂದಿಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಜೀವಕೋಶದ ಒಳಗಿನದೆಲ್ಲವನ್ನೂ ತೊಳೆದು ತೆಗೆದರೂ ಈ ಚೀಲ ಮೂಲ ಆಕಾರದಲ್ಲೇ ಉಳಿಯುತ್ತದೆ. ಕೋಲಿನಂಥ ಬ್ಯಾಕ್ಟೀರಿಯಾದ ಚೀಲ ಕೋಲಿನಂತೆ, ಗುಂಡಗಿನದರ ಚೀಲ ಗುಂಡಗೆ.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಎಲ್ಲ ಕಡೆ ಬೆಸೆದುಕೊಂಡ, ಎಲ್ಲೂ ತುದಿ ಬಿಡದ ಒಂದೇ ಅಣು ಬೆಳೆಯುವುದು ಹೇಗೆ? ಹೊಸ ಎಳೆಯನ್ನು ತಂದು ಹೊರಗೆ ಅಂಟಿಸಿದರೆ ಗೋಡೆ ದಪ್ಪವಾದೀತೇ ಹೊರತು ಉದ್ದವಾಗದು. ಉದ್ದವಾಗಬೇಕಾದರೆ ಹಳೆಯ ಬೆಸುಗೆಯನ್ನು ಮೊದಲು ಕತ್ತರಿಸಿ, ಸಂದಿ ಮಾಡಿ, ಅಲ್ಲಿ ಹೊಸ ಎಳೆಯನ್ನು ತೂರಿಸಬೇಕು. ಹಾಗಾಗಿ ಪ್ರತಿ ಬ್ಯಾಕ್ಟೀರಿಯಾವೂ ತನ್ನ ಗೋಡೆಯನ್ನು ತಾನೇ ಕತ್ತರಿಸುವ ಕಿಣ್ವಗಳನ್ನು ಇಟ್ಟುಕೊಂಡಿರಲೇಬೇಕು. ಇ. ಕೋಲಿಯಲ್ಲಿ ಅಂಥವು ಮೂವತ್ತರಷ್ಟಾದರೂ ಇವೆ. ಕೆಲವು ಸಕ್ಕರೆಯ ಎಳೆಯನ್ನು ಕತ್ತರಿಸುತ್ತವೆ, ಕೆಲವು ಸಕ್ಕರೆಗೂ ಬಾಲಕ್ಕೂ ನಡುವಿನ ಕೊಂಡಿಯನ್ನು, ಕೆಲವು ಬಾಲಕ್ಕೂ ಬಾಲಕ್ಕೂ ನಡುವಿನ ಬೆಸುಗೆಯನ್ನು.

ತರ್ಕವೇನೋ ಸರಿ, ಅದನ್ನು ತೋರಿಸುವುದು ಸುಲಭವಾಗಿರಲಿಲ್ಲ. ಒಂದು ಕಿಣ್ವದ ಜೀನ್ ತೆಗೆದು ನೋಡಿದರೆ ಬ್ಯಾಕ್ಟೀರಿಯಾ ಏನೂ ಆಗದಂತೆ ಬೆಳೆಯುತ್ತಿತ್ತು. ಎರಡು ತೆಗೆದರೂ ಅಷ್ಟೇ. ಅಷ್ಟೊಂದು ಕಿಣ್ವಗಳಲ್ಲಿ ಒಂದು ಇಲ್ಲದಿದ್ದರೆ ಇನ್ನೊಂದು ಆ ಜಾಗ ತುಂಬುತ್ತದೆ. ಹಲವು ದಶಕ ಈ ಕಿಣ್ವಗಳು ‘ಇದ್ದರೂ ಆದೀತು, ಇಲ್ಲದಿದ್ದರೂ ಆದೀತು’ ಎಂಬಂತೆ ಪಠ್ಯಪುಸ್ತಕದ ಅಂಚಿನಲ್ಲಿ ಉಳಿದವು.

ಗಂಟು ಬಿಚ್ಚಿದ್ದು ಹೈದರಾಬಾದಿನಲ್ಲಿ. ಅಲ್ಲಿನ ಸಿಸಿಎಂಬಿಯಲ್ಲಿ, ಅಂದರೆ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದಲ್ಲಿ, ಮಂಜುಳಾ ರೆಡ್ಡಿ ಮತ್ತು ಅವರ ವಿದ್ಯಾರ್ಥಿಗಳು ಇ. ಕೋಲಿಯ ಮೂರು ಕಿಣ್ವಗಳನ್ನು ಒಟ್ಟಿಗೆ ಹಿಡಿದರು. ಮೂರೂ ಬಾಲಗಳ ನಡುವಿನ ಬೆಸುಗೆ ಕತ್ತರಿಸುವಂಥವು. ಮೆಪ್‌ಎಸ್, ಮೆಪ್‌ಎಂ, ಮೆಪ್‌ಎಚ್ ಎಂದು ಈಗ ಅವುಗಳ ಹೆಸರು. ಮೂರರಲ್ಲಿ ಯಾವುದಾದರೊಂದು ಇದ್ದರೂ ಬ್ಯಾಕ್ಟೀರಿಯಾ ಹೇಗೋ ಬದುಕುತ್ತದೆ. ಮೂರನ್ನೂ ಇಲ್ಲವಾಗಿಸಿದಾಗ ಹೊಸ ಎಳೆಗಳು ಗೋಡೆಯೊಳಗೆ ಸೇರಲಿಲ್ಲ, ಜೀವಕೋಶಗಳು ಒಡೆದು ಸತ್ತವು. 2012ರಲ್ಲಿ ಪ್ರಕಟವಾದ ಈ ಕೆಲಸದ ಸ್ವಾರಸ್ಯ ಕೊನೆಯ ಮಾತಿನಲ್ಲಿದೆ. ಗೋಡೆ ಒಡೆಯುವ ಕಿಣ್ವವನ್ನು ತೆಗೆದುಹಾಕಿದರೆ ಗೋಡೆ ಗಟ್ಟಿಯಾಗಬೇಕಿತ್ತು, ಆದದ್ದು ಉಲ್ಟಾ. ಒಳಗಿನ ಜೀವದ್ರವ್ಯ ಬೆಳೆಯುತ್ತಲೇ ಹೋಯಿತು, ಸಂದಿ ಬಿಡದ ಗೋಡೆ ಹಿಗ್ಗಲಿಲ್ಲ, ಕೊನೆಗೆ ಕಿತ್ತುಹೋಯಿತು.

ಕತ್ತರಿಸುವುದು ಬೇಕು ಎಂದಮೇಲೆ ಎಷ್ಟು ಕತ್ತರಿಸಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಅದೇ ತಂಡ 2015ರಲ್ಲಿ ಇದಕ್ಕೂ ಒಂದು ಉತ್ತರ ಕೊಟ್ಟಿತು. ಮೆಪ್‌ಎಸ್ ತಯಾರಾದ ಕೂಡಲೇ ಅದನ್ನು ನಾಶಮಾಡುವ ಏರ್ಪಾಡು ಜೀವಕೋಶದಲ್ಲೇ ಇದೆ. ಎನ್ಎಲ್‌ಪಿಐ ಎಂಬ ಪ್ರೋಟೀನು ಮೆಪ್‌ಎಸ್ ಅನ್ನು ಹಿಡಿದು ಪಿಆರ್‌ಸಿ ಎಂಬ ಇನ್ನೊಂದು ಕಿಣ್ವದ ಬಾಯಿಗೆ ಒಡ್ಡುತ್ತದೆ; ಅದು ಮೆಪ್‌ಎಸ್ ಅನ್ನು ಚೂರು ಮಾಡುತ್ತದೆ. ಕತ್ತರಿಸುವವರನ್ನು ಕತ್ತರಿಸುವವರು. ತಯಾರಿಸು, ಕೂಡಲೇ ಅಳಿಸು, ಮತ್ತೆ ತಯಾರಿಸು: ಇದು ದುಂದುವೆಚ್ಚದಂತೆ ಕಾಣುತ್ತದೆ. ಆದರೆ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ ಎನ್ನುವ ವಸ್ತುವನ್ನು ಹದ್ದುಬಸ್ತಿನಲ್ಲಿಡಲು ಈ ಖರ್ಚು ದೊಡ್ಡದಲ್ಲ. ಮಂಜುಳಾ ರೆಡ್ಡಿ ಅವರಿಗೆ ಈ ಶೋಧಗಳಿಗಾಗಿ ಜೀವವಿಜ್ಞಾನ ವಿಭಾಗದಲ್ಲಿ 2019ರ ಇನ್ಫೋಸಿಸ್ ಪ್ರಶಸ್ತಿ ಬಂತು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮರ್ತ್ಯ ಸೇನ್ ಅದನ್ನು ಕೊಟ್ಟರು. ಪತ್ರಿಕೆಗಳು ಸೇನರ ಭಾಷಣವನ್ನು ಅಚ್ಚು ಹಾಕಿದಷ್ಟು ಅಕ್ಕರೆಯಿಂದ ಮೆಪ್‌ಎಸ್‌ನ ಕತೆ ಹೇಳಲಿಲ್ಲ ಎಂಬುದು ನನ್ನ ಪುಟ್ಟ ತಕರಾರು.

ಬೆಳೆಯುವುದಷ್ಟೇ ಅಲ್ಲ, ಬೇರೆಯಾಗುವುದಕ್ಕೂ ಇವು ಬೇಕು. ಎರಡಾದ ಇ. ಕೋಲಿಯ ನಡುವಿನ ಅಡ್ಡಗೋಡೆಯನ್ನು ಸೀಳುವುದು ಅಮಿಡೇಸ್ ಎಂಬ ಗುಂಪಿನ ಕಿಣ್ವಗಳು. ಅವನ್ನು ತೆಗೆದುಹಾಕಿದರೆ ಮಕ್ಕಳು ತಾಯಿಯಿಂದ ಬಿಡುಗಡೆಯಾಗದೆ, ಒಂದಕ್ಕೊಂದು ಅಂಟಿಕೊಂಡ ಜೀವಕೋಶಗಳ ಉದ್ದನೆಯ ಸರಪಳಿ ಕಾಣುತ್ತದೆ. ಕತ್ತರಿಸಿದ ಚೂರುಗಳೂ ವ್ಯರ್ಥವಲ್ಲ. ಪ್ರತಿ ತಲೆಮಾರಿಗೆ ಗೋಡೆಯ ಅರ್ಧದಷ್ಟು ಭಾಗವನ್ನು ಇ. ಕೋಲಿ ಕಿತ್ತು, ಒಳಗೆಳೆದುಕೊಂಡು, ಮತ್ತೆ ಗೋಡೆಗೇ ಬಳಸುತ್ತದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಇನ್ನೂ ಒಂದು ಕೆಲಸವಿದೆ. ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಸುಮ್ಮನೆ ಮಲಗಿದ್ದು ಎದ್ದೇಳುವಾಗ ಆರ್‌ಪಿಎಫ್ ಎಂಬ ಪ್ರೋಟೀನುಗಳು ಬೇಕಾಗುತ್ತವೆ. ಅಂಥವು ಅದರಲ್ಲಿ ಐದಿವೆ. ಅವೂ ಗೋಡೆ ಕತ್ತರಿಸುವ ಕಿಣ್ವಗಳೇ.

ಇನ್ನು ಪೆನಿಸಿಲಿನ್. ‘ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆಯನ್ನು ಒಡೆಯುತ್ತದೆ’ ಎಂದು ಪಿಯುಸಿಯಲ್ಲಿ ಬರೆದು ಅಂಕ ತೆಗೆದವರು ನಮ್ಮಲ್ಲಿ ಬಹಳ ಮಂದಿ. ಪೆನಿಸಿಲಿನ್ ಏನನ್ನೂ ಒಡೆಯುವುದಿಲ್ಲ. ಬಾಲಗಳನ್ನು ಬೆಸೆಯುವ ಕಿಣ್ವಕ್ಕೆ ಅದು ಹೋಗಿ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿರುವ ಎರಡು ಡಿ-ಅಲನೀನ್‌ಗಳ ಆಕಾರಕ್ಕೂ ಪೆನಿಸಿಲಿನ್‌ನ ಆಕಾರಕ್ಕೂ ಹೋಲಿಕೆಯಿದೆ. ಕಿಣ್ವ ಮೋಸಹೋಗಿ ಅದನ್ನು ಹಿಡಿಯುತ್ತದೆ, ಮತ್ತೆ ಬಿಡಿಸಿಕೊಳ್ಳಲಾರದು. ಬೆಸುಗೆ ನಿಂತಿತು, ಅಷ್ಟೇ. ಹಾಗಾದರೆ ಬ್ಯಾಕ್ಟೀರಿಯಾ ಸಾಯುವುದೇಕೆ? ಬೆಸುಗೆ ನಿಂತರೆ ಬೆಳವಣಿಗೆ ನಿಲ್ಲಬೇಕು, ಸುಮ್ಮನೆ ಕೂತಿರಬೇಕು, ಮದ್ದು ಇಳಿದಮೇಲೆ ಎದ್ದು ಮತ್ತೆ ಬೆಳೆಯಬೇಕು.

1970ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ತೊಮಾಸ್ ಮತ್ತು ಸಂಗಡಿಗರು ನ್ಯುಮೋನಿಯಾ ತರುವ ನ್ಯುಮೋಕಾಕಸ್‌ನಲ್ಲಿ ಸರಿಯಾಗಿ ಇದನ್ನೇ ಕಂಡರು. ಗೋಡೆ ಕತ್ತರಿಸುವ ಕಿಣ್ವ ಕೆಟ್ಟುಹೋಗಿರುವ ತಳಿಗೆ ಪೆನಿಸಿಲಿನ್ ಕೊಟ್ಟರೆ ಅದು ಬೆಳೆಯುವುದನ್ನು ನಿಲ್ಲಿಸುತ್ತಿತ್ತು, ಆದರೆ ಸಿಡಿಯುತ್ತಿರಲಿಲ್ಲ. ಕಿಣ್ವ ಸರಿಯಿರುವ ತಳಿ ಅದೇ ಮದ್ದಿಗೆ ಕರಗಿಹೋಗುತ್ತಿತ್ತು. ಕೊಲೆ ಮಾಡುವುದು ಬ್ಯಾಕ್ಟೀರಿಯಾದ್ದೇ ಕಿಣ್ವ. ಪೆನಿಸಿಲಿನ್ ಕಟ್ಟುವವರ ಕೈ ಕಟ್ಟಿಹಾಕುತ್ತದೆ, ಕೆಡವುವವರು ತಮ್ಮ ಕೆಲಸ ಮುಂದುವರಿಸುತ್ತಾರೆ. 2014ರಲ್ಲಿ ಹಾರ್ವರ್ಡ್‌ನ ಥಾಮಸ್ ಬರ್ನ್‌ಹಾರ್ಟ್ ಗುಂಪು ಇ. ಕೋಲಿಯಲ್ಲಿ ಇನ್ನೊಂದು ಪದರ ಬಿಡಿಸಿತು. ಪೆನಿಸಿಲಿನ್ ಬಳಗದ ಮೆಸಿಲಿನಮ್ ಕೊಟ್ಟಾಗ ಸಕ್ಕರೆ ಎಳೆ ತಯಾರಿಸುವ ಯಂತ್ರ ನಿಲ್ಲುವುದೇ ಇಲ್ಲ. ಬೆಸೆಯಲಾಗದ ಎಳೆ ಹೊರಬರುತ್ತದೆ, ಕತ್ತರಿಸುವ ಕಿಣ್ವ ಅದನ್ನು ಚೂರು ಮಾಡುತ್ತದೆ, ಮತ್ತೆ ಹೊಸ ಎಳೆ, ಮತ್ತೆ ಚೂರು. ಜೀವಕೋಶದ ಕಚ್ಚಾವಸ್ತುವೆಲ್ಲ ಈ ಗಾಣಕ್ಕೆ ಸುರಿದು ಬರಿದಾಗುತ್ತದೆ.

ಇದು ಬರಿಯ ಪ್ರಯೋಗಾಲಯದ ಸೂಕ್ಷ್ಮವಲ್ಲ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೂ ಕಂಡಿತ್ತು, ಕಾರಣ ಗೊತ್ತಾಗುವ ಎಷ್ಟೋ ಮೊದಲೇ. 1951ರಲ್ಲಿ ಅಮೆರಿಕದ ಲೆಪ್ಪರ್ ಮತ್ತು ಡೌಲಿಂಗ್ ನ್ಯುಮೋಕಾಕಸ್‌ನಿಂದ ಮೆದುಳುಪೊರೆಯ ಉರಿಯೂತವಾದ ರೋಗಿಗಳ ಲೆಕ್ಕ ಕೊಟ್ಟರು. ಪೆನಿಸಿಲಿನ್ ಒಂದನ್ನೇ ಕೊಟ್ಟವರಲ್ಲಿ ಶೇಕಡ 30 ಮಂದಿ ತೀರಿಕೊಂಡಿದ್ದರು. ಪೆನಿಸಿಲಿನ್ ಜೊತೆಗೆ ಟೆಟ್ರಾಸೈಕ್ಲಿನ್ ಜಾತಿಯ ಔರಿಯೋಮೈಸಿನ್ ಕೂಡ ಕೊಟ್ಟವರಲ್ಲಿ ತೀರಿಕೊಂಡವರು ಶೇಕಡ 79. ಎರಡು ಮದ್ದು ಒಂದಕ್ಕಿಂತ ಮೇಲು ಎನ್ನುವ ನಮ್ಮೆಲ್ಲರ ನಂಬಿಕೆಗೆ ಇದು ಒಳ್ಳೆಯ ಪೆಟ್ಟು. ಔರಿಯೋಮೈಸಿನ್ ಬ್ಯಾಕ್ಟೀರಿಯಾದ ಪ್ರೋಟೀನು ತಯಾರಿಕೆಯನ್ನು, ಹಾಗಾಗಿ ಬೆಳವಣಿಗೆಯನ್ನೇ, ತಡೆಯುತ್ತದೆ. ಬೆಳವಣಿಗೆ ನಿಂತರೆ ಗೋಡೆ ಕೆಡವುವ ಕೆಲಸವೂ ನಿಲ್ಲುತ್ತದೆ. ಕೆಡವುವುದು ನಿಂತಲ್ಲಿ ಪೆನಿಸಿಲಿನ್ ನಿಶ್ಶಸ್ತ್ರ.

1981ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯಾಟಿಕ್ಸ್ ಕಂಪನಿಯ ಪೀಣ್ಯದ ಕಾರ್ಖಾನೆಯಿಂದ ಹೊರಡುವ ಪೆನಿಸಿಲಿನ್, ಸೆಫಲೋಸ್ಪೋರಿನ್ ಇಂಜೆಕ್ಷನ್ನುಗಳ ಹಿಂದೆ ಇರುವುದೂ ಇದೇ ಲೆಕ್ಕ. ಸೀಸೆಯೊಳಗಿನ ಪುಡಿ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ರೋಗಾಣುವಿನದ್ದು.

ರೋಗಾಣುವಿನ ಕಿಣ್ವವನ್ನು ಕಾಯದೆ ಕತ್ತರಿಸುವ ಕಿಣ್ವವನ್ನೇ ಹೊರಗಿನಿಂದ ಕೊಟ್ಟರೆ? ಈ ಯೋಚನೆ ಪೆನಿಸಿಲಿನ್‌ಗಿಂತ ಹಳೆಯದು, ಎರಡರ ತಂದೆಯೂ ಒಬ್ಬರೇ. 1921ರ ಕೊನೆಯಲ್ಲಿ ನೆಗಡಿಯಾಗಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮದೇ ಸಿಂಬಳವನ್ನು ಬ್ಯಾಕ್ಟೀರಿಯಾದ ತಟ್ಟೆಗೆ ಹಾಕಿ ನೋಡಿದರು. ಸಿಂಬಳದ ಸುತ್ತಲಿನ ಹಳದಿ ಬ್ಯಾಕ್ಟೀರಿಯಾ ಕರಗಿದ್ದವು. ಕಣ್ಣೀರು, ಜೊಲ್ಲು, ಎದೆಹಾಲು, ಮೊಟ್ಟೆಯ ಬಿಳಿ ಎಲ್ಲದರಲ್ಲೂ ಅದೇ ಶಕ್ತಿ ಕಂಡಿತು. ಕಣ್ಣೀರಿಗಾಗಿ ಸಹೋದ್ಯೋಗಿಗಳ ಕಣ್ಣಿಗೆ ನಿಂಬೆರಸ ಹಿಂಡಿಸಿದ ಮಹಾಶಯ ಅವರು. 1922ರಲ್ಲಿ ಪ್ರಕಟಿಸಿದ ಆ ವಸ್ತುವೇ ಲೈಸೋಜೈಮ್. ಎರಡು ಬಗೆಯ ಸಕ್ಕರೆಗಳ ನಡುವಿನ ಕೊಂಡಿಯನ್ನು ಅದು ಕತ್ತರಿಸುತ್ತದೆ.

ಇದನ್ನು ಕಣ್ಣಾರೆ ನೋಡಲು ದೊಡ್ಡ ಸಲಕರಣೆ ಬೇಡ. ಬಯೋಕೆಮಿಸ್ಟ್ರಿಯ ಪದವಿ ಪ್ರಾಕ್ಟಿಕಲ್‌ನಲ್ಲಿ ಮಾಡಿಸುವ ಪ್ರಯೋಗವಿದು. ಒಣಗಿಸಿಟ್ಟ ಮೈಕ್ರೋಕಾಕಸ್ ಬ್ಯಾಕ್ಟೀರಿಯಾದ ಪುಡಿಯನ್ನು ಬಫರಿನಲ್ಲಿ ಕಲಕಿದರೆ ಕೊಳವೆಯಲ್ಲಿ ಬೆಳ್ಳನೆಯ ಮಬ್ಬು. ಕೊಳವೆಯ ಹಿಂದೆ ಹಿಡಿದ ಅಕ್ಷರ ಓದಲಾಗದು. ಉತ್ತರಹಳ್ಳಿ ಮುಖ್ಯರಸ್ತೆಯ ಯಾವುದೇ ಅಂಗಡಿಯಿಂದ ತಂದ ಕೋಳಿಮೊಟ್ಟೆ ಒಡೆದು, ಬಿಳಿಯನ್ನು ಬಹಳ ತೆಳ್ಳಗೆ ಮಾಡಿ, ಅದರ ಕೆಲವು ಹನಿ ಬಿಟ್ಟು ಕಲಕಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಮಬ್ಬು ಅಂಚಿನಿಂದ ತೆಳುವಾಗುತ್ತ ಬರುತ್ತದೆ, ಕೆಲವೇ ನಿಮಿಷದಲ್ಲಿ ಅಕ್ಷರ ಸ್ಪಷ್ಟ. ಯಂತ್ರದಲ್ಲಿಟ್ಟರೆ 450 ನ್ಯಾನೋಮೀಟರ್ ಬೆಳಕಿನ ಓದು ಸೆಕೆಂಡು ಸೆಕೆಂಡಿಗೂ ಇಳಿಯುವುದು ಕಾಣುತ್ತದೆ. ಕೊಳವೆಯೊಳಗೆ ಕೋಟಿಗಟ್ಟಲೆ ಗೋಡೆಗಳು ಬಿಚ್ಚಿಕೊಂಡಿವೆ. ಒಂದು ಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಸುಮಾರು ನೂರು ಮಿಲಿಗ್ರಾಮಿನಷ್ಟಿರುತ್ತದೆ. ಕೆಲವು ಹನಿಗಳ ಕೆಲಸ ನೋಡಿದರೆ ಅದು ಎಷ್ಟು ದೊಡ್ಡ ದಾಸ್ತಾನು ಎಂಬುದು ತಿಳಿಯುತ್ತದೆ.

129 ಅಮೈನೋ ಆಮ್ಲಗಳ ಈ ಕಿಣ್ವ ವಿಜ್ಞಾನಿಗಳ ಮುದ್ದಿನ ಕೂಸು. ಎಕ್ಸ್-ರೇ ಹಾಯಿಸಿ ರಚನೆ ಬಿಡಿಸಿದ ಮೊದಲ ಕಿಣ್ವ ಇದೇ. 1965ರಲ್ಲಿ ಲಂಡನ್ನಿನ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಅದನ್ನು ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಇದರ ಹರಳುಗಳನ್ನು ಹಿಡಿದು ಬೇರೆಯೇ ಪ್ರಶ್ನೆ ಕೇಳಿದರು: ಹರಳಿನೊಳಗಿನ ನೀರನ್ನು ಒಂದಿಷ್ಟು ಕಡಿಮೆ ಮಾಡಿದರೆ ಕಿಣ್ವಕ್ಕೆ ಏನಾಗುತ್ತದೆ? ಸುತ್ತಲಿನ ತೇವಾಂಶ ಇಳಿಸಿ ಅವರ ಗುಂಪು ಬಿಡಿಸಿದ ಲೈಸೋಜೈಮ್ ರಚನೆ 1990ರಲ್ಲಿ ಪ್ರಕಟವಾಯಿತು. ಪ್ರೋಟೀನಿನ ಮೈಗೆ ಅಂಟಿದ ನೀರು ಬರಿಯ ಅಲಂಕಾರವಲ್ಲ, ಅದು ಕದಲಿದರೆ ಅಣುವಿನ ಆಕಾರವೂ ಕದಲುತ್ತದೆ ಎಂದು ಇಂಥ ಕೆಲಸಗಳಿಂದ ತಿಳಿಯಿತು.

ಔಷಧಿಯಾಗಿ ಮಾತ್ರ ಲೈಸೋಜೈಮ್ ಸೋತಿತು. ಜಪಾನಿನಲ್ಲಿ ಕಫ ಕರಗಿಸುವ ಮಾತ್ರೆಯೆಂದು ದಶಕಗಳ ಕಾಲ ಮಾರಾಟವಾಗಿ, ಮರುಪರೀಕ್ಷೆಯಲ್ಲಿ ಪರಿಣಾಮ ಕಾಣದೆ 2016ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಅದಕ್ಕಿಂತ ಮುಖ್ಯವಾಗಿ, ನಮಗೆ ನಿಜಕ್ಕೂ ಕಾಟ ಕೊಡುವ ಬ್ಯಾಕ್ಟೀರಿಯಾಗಳು ಅದಕ್ಕೆ ಬಗ್ಗುವುದಿಲ್ಲ. ಗಾಯ, ಕುರು, ಆಸ್ಪತ್ರೆಯ ಸೋಂಕುಗಳಿಗೆಲ್ಲ ಕಾರಣವಾದ ಸ್ಟ್ಯಾಫಿಲೋಕಾಕಸ್ ಆರಿಯಸ್ ತನ್ನ ಸಕ್ಕರೆಗೆ ಅಸಿಟೈಲ್ ಗುಂಪೊಂದನ್ನು ಅಂಟಿಸಿಕೊಂಡಿರುತ್ತದೆ; ಲೈಸೋಜೈಮ್‌ಗೆ ಆ ಕೊಂಡಿಯನ್ನು ಹಿಡಿಯಲು ಆಗುವುದಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಮೂಗಿನ ತೇವದಲ್ಲಿ ಸದಾ ಲೈಸೋಜೈಮ್ ಇರುತ್ತದೆ, ಅಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾ ಅದಕ್ಕೆ ಉಪಾಯ ಕಂಡುಕೊಳ್ಳದೆ ಬಾಳಲು ಸಾಧ್ಯವಿಲ್ಲ. ಹಾಗಾದರೆ ಬೇರೆ ಕಡೆ ಕತ್ತರಿಸುವ ಕಿಣ್ವ ಹುಡುಕಬೇಕು. ಈ ಬ್ಯಾಕ್ಟೀರಿಯಾದಲ್ಲಿ ಬಾಲಕ್ಕೂ ಬಾಲಕ್ಕೂ ನಡುವೆ ಐದು ಗ್ಲೈಸೀನ್‌ಗಳ ಸೇತುವೆಯಿದೆ. ಆ ಸೇತುವೆಯನ್ನು ಕಡಿಯುವ ಲೈಸೋಸ್ಟ್ಯಾಫಿನ್ ಎಂಬ ಕಿಣ್ವ 1964ರಲ್ಲೇ ಸಿಕ್ಕಿತ್ತು. ಅದನ್ನು ತಯಾರಿಸುವುದು ಸ್ಟ್ಯಾಫಿಲೋಕಾಕಸ್‌ನದೇ ಇನ್ನೊಂದು ಜಾತಿ. ನೆಂಟರ ಮನೆ ಒಡೆಯಲು ಇಟ್ಟುಕೊಂಡ ಆಯುಧ ತನ್ನ ಮನೆಗೆ ತಾಕಬಾರದೆಂದು ಅದು ತನ್ನ ಸೇತುವೆಯಲ್ಲಿ ಗ್ಲೈಸೀನ್‌ಗಳ ನಡುವೆ ಸೆರೀನ್ ಸೇರಿಸಿಕೊಂಡಿದೆ.

ಗೋಡೆ ಒಡೆಯುವುದರಲ್ಲಿ ನಿಜವಾದ ಪಳಗಿದ ಕೈ ಬ್ಯಾಕ್ಟೀರಿಯೋಫೇಜ್‌ಗಳದು, ಅಂದರೆ ಬ್ಯಾಕ್ಟೀರಿಯಾವನ್ನು ಕಾಡುವ ವೈರಸ್ಸುಗಳದು. ಅವು ಗೋಡೆಯನ್ನು ಎರಡು ಸಲ ಮುರಿಯಬೇಕು. ಒಳಗೆ ಹೋಗುವಾಗ ಸೂಜಿಮೊನೆಯ ತೂತು ಸಾಕು. ತನ್ನ ಡಿಎನ್‌ಎ ಇಳಿಸುವಷ್ಟು ದಾರಿ ಆಗಬೇಕು, ಬ್ಯಾಕ್ಟೀರಿಯಾ ಸಾಯಬಾರದು. ಹೊರಗೆ ಬರುವಾಗ ಗೋಡೆಯೇ ಹಾರಿಹೋಗಬೇಕು, ಇಲ್ಲವಾದರೆ ಮರಿಗಳು ಒಳಗೇ ಉಳಿಯುತ್ತವೆ. ಒಳಹೋಗುವ ಕಿಣ್ವ ಫೇಜ್‌ನ ಬಾಲದ ತುದಿಯಲ್ಲಿ ಅಂಟಿರುತ್ತದೆ. ಹೊರಬರುವ ಕಿಣ್ವ, ಎಂಡೋಲೈಸಿನ್, ಬ್ಯಾಕ್ಟೀರಿಯಾದ ಒಳಗೇ ತಯಾರಾಗುತ್ತದೆ. 1940ರಲ್ಲಿ ಮ್ಯಾಕ್ಸ್ ಡೆಲ್‌ಬ್ರುಕ್ ಒಂದು ವಿಚಿತ್ರ ಸಂಗತಿ ಗಮನಿಸಿದ್ದರು. ಒಂದೇ ಬ್ಯಾಕ್ಟೀರಿಯಾದ ಮೇಲೆ ಒಮ್ಮೆಲೇ ವಿಪರೀತ ಫೇಜ್‌ಗಳು ಮುತ್ತಿದರೆ ಅದು ಆಗಿಂದಾಗಲೇ ಒಡೆಯುತ್ತದೆ, ಒಳಗೆ ಒಂದು ಮರಿಯೂ ಹುಟ್ಟುವ ಮೊದಲೇ. ತೂತುಗಳು ಜಾಸ್ತಿಯಾದದ್ದೇ ಕಾರಣ.

ಉತ್ತರಹಳ್ಳಿಗೆ ಹತ್ತಿರದ ಕೋಣನಕುಂಟೆ ಕ್ರಾಸ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ರೈಲು ಬದಲಿಸದೆ ಯಶವಂತಪುರಕ್ಕೆ ಹೋಗಿ ಇಳಿಯಬಹುದು. ತುಮಕೂರು ರಸ್ತೆಗೆ ಹತ್ತಿಕೊಂಡ ಆ ಕಡೆಯ ಬಡಾವಣೆಯೊಂದರಲ್ಲಿ ಗಂಗಾಜೆನ್ ಎಂಬ ಕಂಪನಿ ಈ ವಿಚಿತ್ರ ಸಂಗತಿಯ ಬೆನ್ನು ಹತ್ತಿತು. ಅದನ್ನು 2000ದಲ್ಲಿ ಶುರುಮಾಡಿದವರು ಜಾನಕಿರಾಮನ್ ರಾಮಚಂದ್ರನ್. ಅದಕ್ಕೂ ಮೊದಲು ಬೆಂಗಳೂರಿನ ಅಸ್ಟ್ರಾ ಸಂಶೋಧನಾ ಕೇಂದ್ರದ ಮುಖ್ಯಸ್ಥರಾಗಿದ್ದವರು. ಕಂಪನಿಯ ಹೆಸರಲ್ಲೇ ಗಂಗೆ ಇದ್ದಾಳೆ. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಗಂಗೆ-ಯಮುನೆಯ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂದು ಬರೆದದ್ದು ಫೇಜ್ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಕತೆ. ಸಾಫ್ಟ್‌ವೇರ್ ಬಿಟ್ಟು ಬೆಂಗಳೂರಿನಲ್ಲಿ ಏನಾಗುತ್ತಿದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಕಂಪನಿಯ ಹೆಸರು.

ಅವರ ಮೊದಲ ಕೆಲಸಗಳಲ್ಲೊಂದು ಬಹಳ ಚತುರವಾದದ್ದು. ಫೇಜ್ ಕೊಟ್ಟು ಸೋಂಕು ವಾಸಿಮಾಡುವುದರಲ್ಲಿ ಒಂದು ಅಪಾಯವಿದೆ. ಬ್ಯಾಕ್ಟೀರಿಯಾಗಳು ಒಟ್ಟಿಗೆ ಸಿಡಿದರೆ ಅವುಗಳ ವಿಷವೆಲ್ಲ ದೇಹದೊಳಗೆ ಚೆಲ್ಲುತ್ತದೆ. ಗಂಗಾಜೆನ್ ತಂಡ ಪಿ954 ಎಂಬ ಫೇಜ್‌ನ ಎಂಡೋಲೈಸಿನ್ ಜೀನನ್ನೇ ಕೆಡಿಸಿತು. ಆ ಫೇಜ್ ಬ್ಯಾಕ್ಟೀರಿಯಾದ ಒಳಗೆ ಹೋಗುತ್ತದೆ, ಮರಿ ಮಾಡುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಒಡೆಯುವುದಿಲ್ಲ. ಮೆಥಿಸಿಲಿನ್‌ಗೂ ಜಗ್ಗದ ಸ್ಟ್ಯಾಫಿಲೋಕಾಕಸ್, ಅಂದರೆ ಎಂಆರ್‌ಎಸ್‌ಎ, ತಗಲಿ ಸಾಯಬೇಕಿದ್ದ ಇಲಿಗಳನ್ನು ಮೂಲ ಫೇಜ್ ಎಷ್ಟು ಉಳಿಸಿತೋ ಇದೂ ಅಷ್ಟೇ ಉಳಿಸಿತು. 2011ರಲ್ಲಿ ಇದು ಪ್ರಕಟವಾಯಿತು.

ಅದೇ ವರ್ಷ ಅದೇ ತಂಡದ ಇನ್ನೊಂದು ಪ್ರಬಂಧ ಬಂತು, ನಮ್ಮ ಕತೆಗೆ ಮುಖ್ಯವಾದದ್ದು ಅದು. ಇಲ್ಲಿ ಫೇಜ್‌ನ್ನೇ ಬಿಟ್ಟರು, ಅದರ ಬಾಲದ ಕಿಣ್ವವನ್ನು ಮಾತ್ರ ಇಟ್ಟುಕೊಂಡರು. ಸ್ಟ್ಯಾಫಿಲೋಕಾಕಸ್ ಅನ್ನು ಕಾಡುವ ಫೇಜ್ ಕೆ ಎಂಬುದರ ಬಾಲದಲ್ಲಿ ದೊಡ್ಡ ಪ್ರೋಟೀನೊಂದಿದೆ. ಅದನ್ನು ತುಂಡುತುಂಡಾಗಿ ತಯಾರಿಸಿ, ಯಾವ ತುಂಡಿಗೆ ಗೋಡೆ ಕತ್ತರಿಸುವ ಶಕ್ತಿಯಿದೆ ಎಂದು ನೋಡುತ್ತ ಹೋದಾಗ, ಕೊನೆಯ ತುದಿಯ ಸಣ್ಣ ತುಂಡಿನಲ್ಲೇ ಅದು ಇರುವುದು ಗೊತ್ತಾಯಿತು. ಸಣ್ಣ ತುಂಡು ಕತ್ತರಿಸುತ್ತದೆ, ಆದರೆ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಾರದು. ಫೇಜ್‌ಗೆ ಆ ಚಿಂತೆಯಿಲ್ಲ, ಹಿಡಿದುಕೊಳ್ಳಲು ಅದಕ್ಕೆ ಇಡೀ ಬಾಲವಿದೆ. ಬರಿಯ ಕಿಣ್ವಕ್ಕೆ ಹಿಡಿಕೆ ಬೇಕು. ಆ ಹಿಡಿಕೆಯನ್ನು ಅವರು ಲೈಸೋಸ್ಟ್ಯಾಫಿನ್‌ನಿಂದ ಎರವಲು ತಂದರು. ಲೈಸೋಸ್ಟ್ಯಾಫಿನ್‌ನಲ್ಲಿ ಕತ್ತರಿಸುವ ಭಾಗ ಬೇರೆ, ಸ್ಟ್ಯಾಫಿಲೋಕಾಕಸ್‌ನ ಗೋಡೆಯನ್ನು ಗುರುತಿಸಿ ಅಪ್ಪಿಕೊಳ್ಳುವ ಭಾಗ ಬೇರೆ. ಎರಡನೆಯದನ್ನು ಫೇಜ್‌ನ ತುಂಡಿಗೆ ಜೋಡಿಸಿ ಒಂದೇ ಪ್ರೋಟೀನಾಗಿ ತಯಾರಿಸಿದಾಗ ಹುಟ್ಟಿದ್ದು ಪಿ128. ಒಂದು ವೈರಸ್ಸಿನ ಹರಿತ, ಒಂದು ಬ್ಯಾಕ್ಟೀರಿಯಾದ ಹಿಡಿತ. ತಯಾರಿಸುವ ಕೆಲಸಕ್ಕೆ ಹಚ್ಚಿದ್ದು ಇ. ಕೋಲಿಯನ್ನು, ಅದರ ಗೋಡೆಗೆ ಪಿ128 ತಗಲುವುದಿಲ್ಲ.

ಪ್ರಯೋಗಾಲಯದಲ್ಲಿ ಪಿ128 ಜಗತ್ತಿನ ಬೇರೆಬೇರೆ ಕಡೆಗಳ ಎಂಆರ್‌ಎಸ್‌ಎ ತಳಿಗಳನ್ನು ಕೊಂದಿತು. ಇಲಿಗಳ ಮೂಗಿನಲ್ಲಿ ನೆಲೆಸಿದ್ದ ಎಂಆರ್‌ಎಸ್‌ಎಯನ್ನು ಜೆಲ್ ಹಚ್ಚಿ ತೆಗೆದುಹಾಕಿತು. ಮೂಗು ಯಾಕೆಂದರೆ, ಮೂವರಿಂದ ಐವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಇರುತ್ತದೆ, ಆಪರೇಷನ್ನಿನ ಗಾಯಕ್ಕೆ ಅದು ಎಷ್ಟೋ ಸಲ ಬರುವುದು ರೋಗಿಯದೇ ಮೂಗಿನಿಂದ. ಸಿಂಗಪುರದ ಆಸ್ಪತ್ರೆಯಲ್ಲಿ ಸ್ವಯಂಸೇವಕರ ಮೂಗಿಗೂ ಈ ಜೆಲ್ ಹಚ್ಚಿ ಪರೀಕ್ಷೆ ನಡೆಯಿತು. ಮುಂದೆ ಆಂಟಿಬಯಾಟಿಕ್ ಜೊತೆ ಸೇರಿಸಿ ಕೊಟ್ಟರೆ ಹೇಗೆ ಎಂಬುದನ್ನೂ ನೋಡಿದರು. ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಮದ್ದಿಗೆ ಸಿಗದೆ ಕೂತಿರುವಲ್ಲಿ ಎರಡೂ ಸೇರಿ ಒಂದೊಂದಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು.

ಇಂಥ ಕಿಣ್ವಗಳ ಗುಣವೇನೆಂದರೆ ವೇಗ ಮತ್ತು ಗುರಿ. ಪೆನಿಸಿಲಿನ್‌ಗೆ ಬ್ಯಾಕ್ಟೀರಿಯಾ ಬೆಳೆಯುತ್ತಿರಬೇಕು. ಇವುಗಳಿಗೆ ಅದು ಮಲಗಿದ್ದರೂ ಸರಿ, ಗೋಡೆ ಇದ್ದರೆ ಆಯಿತು. ಸ್ಟ್ಯಾಫಿಲೋಕಾಕಸ್‌ಗೆಂದು ಮಾಡಿದ್ದು ಕರುಳಿನ ಬೇರೆ ಬ್ಯಾಕ್ಟೀರಿಯಾಗಳನ್ನು ಮುಟ್ಟುವುದಿಲ್ಲ. ಅವಗುಣಗಳೂ ಅಷ್ಟೇ ಸ್ಪಷ್ಟ. ಇದು ಪ್ರೋಟೀನು, ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ರಕ್ತಕ್ಕೆ ಚುಚ್ಚಿದರೆ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್‌ನಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಗೋಡೆಯ ಹೊರಗೆ ಇನ್ನೊಂದು ಪೊರೆಯಿದೆ, ಹೊರಗಿನಿಂದ ಬಂದ ಕಿಣ್ವ ಗೋಡೆಯನ್ನು ತಲುಪುವುದೇ ಇಲ್ಲ. ನಮ್ಮ ಐಸಿಯುಗಳಲ್ಲಿ ಇಂದು ವೈದ್ಯರ ನಿದ್ದೆಗೆಡಿಸಿರುವುದು ಇವೇ ಎಂಬುದು ದುರದೃಷ್ಟ.

ಅಮೆರಿಕದ ಕಾಂಟ್ರಾಫೆಕ್ಟ್ ಕಂಪನಿಯ ಎಕ್ಸೆಬಕೇಸ್ ಎಂಬ ಲೈಸಿನ್, ಅಂದರೆ ಇಂಥದೇ ಗೋಡೆ ಕತ್ತರಿಸುವ ಕಿಣ್ವ, ಎಲ್ಲಕ್ಕಿಂತ ಮುಂದೆ ಹೋಗಿತ್ತು. ಸ್ಟ್ಯಾಫಿಲೋಕಾಕಸ್ ರಕ್ತಕ್ಕೆ ಸೇರಿದವರ ಮೇಲೆ ಮೂರನೆಯ ಹಂತದ ಪರೀಕ್ಷೆವರೆಗೂ ತಲುಪಿತು. 2022ರಲ್ಲಿ ನಡುವಿನ ಲೆಕ್ಕ ನೋಡಿದಾಗ ಆಂಟಿಬಯಾಟಿಕ್ ಒಂದನ್ನೇ ಕೊಟ್ಟವರಿಗಿಂತ ಹೆಚ್ಚಿನ ಪ್ರಯೋಜನ ಕಾಣುವ ಲಕ್ಷಣವಿರಲಿಲ್ಲ, ಪರೀಕ್ಷೆ ನಿಂತಿತು, 2023ರ ಕೊನೆಗೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಯುರೋಪಿನಲ್ಲಿ ಮೈಕ್ರೆಯೋಸ್ ಎಂಬ ಡಚ್ ಕಂಪನಿಯ ಲೈಸಿನ್ ಚರ್ಮಕ್ಕೆ ಹಚ್ಚುವ ಕ್ರೀಮಾಗಿ ಮಾರಾಟಕ್ಕಿದೆ. ಪಿ128 ಉತ್ತಮ ವಿಜ್ಞಾನ, ಮೆಡಿಕಲ್ ಶಾಪಿನಲ್ಲಿ ಚೀಟಿ ತೋರಿಸಿ ಕೊಳ್ಳುವ ಮದ್ದು ಇನ್ನೂ ಅಲ್ಲ. ನನ್ನ ಮಟ್ಟಿಗೆ ಇಲ್ಲಿ ಕೊರತೆಯಿರುವುದು ಹೊಸ ಕಿಣ್ವಗಳದ್ದಲ್ಲ, ಫೇಜ್‌ಗಳಲ್ಲಿ ಅವು ಬೇಕಾದಷ್ಟಿವೆ. ಗ್ರಾಂ ನೆಗೆಟಿವ್‌ಗಳ ಹೊರಪೊರೆ ದಾಟಿಸುವ ದಾರಿ, ಮತ್ತು ದೊಡ್ಡ ಪರೀಕ್ಷೆಗಳ ಖರ್ಚನ್ನು ಹೊತ್ತು ಹತ್ತು ವರ್ಷ ಕಾಯುವ ಬಂಡವಾಳ, ಈ ಎರಡೂ ಸಿಗುವವರೆಗೆ ಗೋಡೆ ಒಡೆಯುವ ಕೆಲಸಕ್ಕೆ ವೈದ್ಯರು ಪೆನಿಸಿಲಿನ್ ಬಳಗವನ್ನೇ ಬರೆದುಕೊಡಬೇಕು, ರೋಗಾಣುವಿನ ಸ್ವಂತ ಕಿಣ್ವಗಳನ್ನೇ ನಂಬಬೇಕು.